ಭುಜಕ್ಕೆ ಒದೆಯುವ ಪೇಂಟ್‌ಬಾಲ್ ಮಾರ್ಕರ್: ಲಕ್ಷಣ ನೋಡಿ ದೋಷ ಹುಡುಕುವ ಬಗೆ

ಏಪ್ರಿಲ್ ತಿಂಗಳ ಒಂದು ಭಾನುವಾರ ಎಂಜಿನಿಯರಿಂಗ್ ಓದುವ ಹುಡುಗನೊಬ್ಬ ತನ್ನ ಮಾರ್ಕರನ್ನು, ಅಂದರೆ ಗ್ಯಾಸಿನ ಬಲದಿಂದ ಬಣ್ಣದ ಗುಂಡು ಹಾರಿಸುವ ಆಟದ ಗನ್ನನ್ನು, ನನ್ನ ಮೇಜಿನ ಮೇಲಿಟ್ಟು, ಅಂಗಿಯ ಕಾಲರ್ ಸರಿಸಿ ಭುಜ ತೋರಿಸಿದ. ನಾಣ್ಯದಷ್ಟು ಅಗಲ ಚರ್ಮ ನೀಲಿಗಟ್ಟಿತ್ತು. "ಅಣ್ಣಾ, ಇದು ಕತ್ತೆಯ ಹಾಗೆ ಒದೆಯುತ್ತದೆ. ಹಿಂದಿನ ಸ್ಟಾಕ್‌ಗೆ ಸ್ಪಂಜು ಕಟ್ಟಿದರೆ ಸರಿಹೋಗುತ್ತದೆಯೇ?" ಎಂದು ಕೇಳಿದ.

ಸ್ಪಂಜು ಕಟ್ಟಿದರೆ ಭುಜದ ನೋವು ಹೋಗಬಹುದು, ದೋಷ ಒಳಗೇ ಇರುತ್ತದೆ. ಮಾರ್ಕರ್ ಅವನಿಗೆ ಸಿಕ್ಕಿದ್ದು ಗೆಳೆಯನಿಂದ. ಆ ಗೆಳೆಯ ಗಟ್ಟಿ ಸ್ಪ್ರಿಂಗ್, ಉದ್ದನೆಯ ಬ್ಯಾರೆಲ್, ಎರಡು ಬೆರಳಿನ ಟ್ರಿಗರ್ ಎಲ್ಲವನ್ನೂ ಹಾಕಿಸಿದ್ದ. ಹೀಗೆ ಕೈ ಬದಲಾಯಿಸಿದ, ಭಾಗ ಬದಲಾಯಿಸಿದ ಮಾರ್ಕರುಗಳು ದಾವಣಗೆರೆಯ ಹೊರವಲಯದಲ್ಲಿ ನಾವು ಆಡುವ ಹೊಲಕ್ಕೆ ತಿಂಗಳಿಗೆ ಒಂದಾದರೂ ಬರುತ್ತವೆ. ಒಂದೊಂದರ ಕಥೆ ಬೇರೆಯಾದರೂ ದೂರು ಒಂದೇ, ಒದೆತ. ಅದನ್ನು ನಾನು ಹುಡುಕುವ ಕ್ರಮವನ್ನು ಇಲ್ಲಿ ಬರೆದಿದ್ದೇನೆ. ಕಾಸು ಖರ್ಚಿಲ್ಲದ ಪರೀಕ್ಷೆಗಳು ಮೊದಲು, ಲೇತ್ ಅಂಗಡಿಯ ಕೆಲಸ ಕೊನೆಗೆ.

ಇಲ್ಲಿರುವುದು ಬ್ಲೋಬ್ಯಾಕ್, ಅಂದರೆ ಗುಂಡು ಹಾರಿಸುವ ಗ್ಯಾಸಿನದೇ ಒಂದು ಪಾಲು ಒಳಗಿನ ಸುತ್ತಿಗೆಯನ್ನು ಹಿಂದಕ್ಕೆ ತಳ್ಳುವ ಮಾದರಿಯ ಮಾರ್ಕರುಗಳ ಮಾತು. ಟಿಪ್‌ಮನ್ 98ರಂತೆ ಸುತ್ತಿಗೆ (ವಾಲ್ವ್‌ಗೆ ಬಡಿದು ಗ್ಯಾಸ್ ಬಿಡುವ ತುಂಡು) ಮತ್ತು ಬೋಲ್ಟ್ (ಗುಂಡನ್ನು ಬ್ಯಾರೆಲ್‌ಗೆ ನೂಕುವ ತುಂಡು) ಒಂದೇ ಸಾಲಿನಲ್ಲಿರುವವು, ಸ್ಪೈಡರ್‌ನಂತೆ ಕೆಳಗೆ ಸುತ್ತಿಗೆ, ಮೇಲೆ ಬೋಲ್ಟ್ ಇರುವವು, ಎರಡೂ ಈ ಜಾತಿಯವೇ. ಸುತ್ತಿಗೆಯೇ ಇಲ್ಲದ ಸ್ಪೂಲ್ ವಾಲ್ವ್ ಮಾರ್ಕರ್ ನಿಮ್ಮದಾಗಿದ್ದರೆ ಮುಂದಿನ ಹೆಚ್ಚಿನ ಭಾಗ ನಿಮಗೆ ಬೇಡ. ಅವು ಸ್ವಭಾವದಿಂದಲೇ ಮೆತ್ತಗೆ.

ಒದೆತ ಎಲ್ಲಿಂದ ಬರುತ್ತದೆ

ಗುಂಡು ಮುಂದಕ್ಕೆ ಹೋದದ್ದರಿಂದ ಗನ್ ಹಿಂದಕ್ಕೆ ಬಂತು ಎಂದು ಎಲ್ಲರೂ ಭಾವಿಸುತ್ತಾರೆ. ಅದು ಕಾಲು ಭಾಗದ ಸತ್ಯ. ಬಣ್ಣದ ಗುಂಡಿನ ತೂಕ ಸುಮಾರು 3 ಗ್ರಾಂ. ಸೆಕೆಂಡಿಗೆ 280 ಅಡಿ, ಅಂದರೆ ಸುಮಾರು 85 ಮೀಟರ್ ವೇಗದಲ್ಲಿ ಹೊರಟರೆ ಅದರ ಆವೇಗ, ಅಂದರೆ ತೂಕ ಮತ್ತು ವೇಗದ ಗುಣಲಬ್ಧ, ಸೆಕೆಂಡಿಗೆ 0.26 ಕಿಲೋಗ್ರಾಂ-ಮೀಟರ್ ಆಗುತ್ತದೆ. ಈಗ ಒಳಗೆ ಓಡಾಡುವ ಉಕ್ಕಿನ ಸುತ್ತಿಗೆಯನ್ನು ಲೆಕ್ಕಕ್ಕಾಗಿ 100 ಗ್ರಾಂ ಎಂದಿಟ್ಟುಕೊಳ್ಳಿ. ಅದು ಸೆಕೆಂಡಿಗೆ 5 ಮೀಟರ್ ವೇಗದಲ್ಲಿ ಹಿಂದಿನ ಮುಚ್ಚಳಕ್ಕೆ ಬಡಿದರೆ 0.5 ಆಯಿತು, ಗುಂಡಿನದಕ್ಕಿಂತ ಹೆಚ್ಚುಕಡಿಮೆ ಎರಡರಷ್ಟು.

ಟ್ರಿಗರ್ ಎಳೆದಾಗ ನಡೆಯುವುದಿಷ್ಟು. ಸುತ್ತಿಗೆಯನ್ನು ಹಿಡಿದಿಟ್ಟ ಕೊಕ್ಕೆ, ಅಂದರೆ ಸಿಯರ್, ಕೆಳಗಿಳಿಯುತ್ತದೆ. ಮುಖ್ಯ ಸ್ಪ್ರಿಂಗ್ ಸುತ್ತಿಗೆಯನ್ನು ಮುಂದಕ್ಕೆ ತಳ್ಳುತ್ತದೆ, ಜೊತೆಗೇ ಬೋಲ್ಟ್ ಗುಂಡನ್ನು ಬ್ಯಾರೆಲ್‌ಗೆ ನೂಕುತ್ತದೆ. ಸುತ್ತಿಗೆ ವಾಲ್ವ್‌ಗೆ ಬಡಿಯುತ್ತದೆ. ಇದು ಮೊದಲ ಏಟು. ತೆರೆದ ವಾಲ್ವ್‌ನಿಂದ ಗ್ಯಾಸ್‌ನ ಒಂದು ಪಾಲು ಮುಂದೆ ಹೋಗಿ ಗುಂಡನ್ನು ಹಾರಿಸುತ್ತದೆ, ಇನ್ನೊಂದು ಪಾಲು ಸುತ್ತಿಗೆಯನ್ನು ಹಿಂದಕ್ಕೆ ಎಸೆಯುತ್ತದೆ. ಅದು ಮತ್ತೆ ಸಿಯರ್‌ಗೆ ಸಿಕ್ಕಿ ನಿಲ್ಲಬೇಕು. ಎಸೆತ ಜೋರಾದರೆ ಸಿಯರನ್ನು ದಾಟಿ ಹಿಂದಿನ ಮುಚ್ಚಳಕ್ಕೆ ಗುದ್ದುತ್ತದೆ. ಇದು ಎರಡನೆಯ ಏಟು. ಮೊದಲ ಏಟು ಗುರಿಯನ್ನು ಕೆಡಿಸುತ್ತದೆ, ಎರಡನೆಯದು ಭುಜವನ್ನು.

ನಮ್ಮ ತಂದೆ ಇಲ್ಲಿನ ಹತ್ತಿ ಗಿರಣಿಯಲ್ಲಿ ಫಿಟ್ಟರ್ ಆಗಿದ್ದರು. ಮಗ್ಗದ ಲಾಳಿ ಆ ತುದಿಯಿಂದ ಈ ತುದಿಗೆ ಹಾರಿ ಬಂದು ಪೆಟ್ಟಿಗೆಯೊಳಗೆ ನಿಲ್ಲುವಲ್ಲಿ ಚರ್ಮದ ಬಫರ್ ಇರುತ್ತಿತ್ತು. ಅದು ಸವೆದರೆ ಇಡೀ ಮಗ್ಗ ನಡುಗುತ್ತಿತ್ತು. ಅವರು ಮಗ್ಗ ನಿಲ್ಲಿಸದೆ, ಶಬ್ದ ಕೇಳಿಯೇ ಯಾವ ತುದಿಯ ಚರ್ಮ ಹೋಗಿದೆ ಎಂದು ಹೇಳುತ್ತಿದ್ದರು. ಮಾರ್ಕರ್ ಬಿಚ್ಚುವ ಮೊದಲು ಕಿವಿ ಕೊಡುವ ಅಭ್ಯಾಸ ನನಗೆ ಅಲ್ಲಿಂದಲೇ ಬಂದದ್ದು.

ಎರಡು ಏಟುಗಳನ್ನು ಬೇರ್ಪಡಿಸಲು ಖರ್ಚಿಲ್ಲದ ಉಪಾಯವೊಂದಿದೆ. ಗುಂಡಿನ ಡಬ್ಬಿ ತೆಗೆದು, ಒಳಗೆ ಒಂದೂ ಗುಂಡು ಉಳಿದಿಲ್ಲವೆಂದು ನೋಡಿಕೊಂಡು, ಬ್ಯಾರೆಲ್‌ಗೆ ಚೀಲ ತೊಡಿಸಿ, ಬರಿಯ ಗ್ಯಾಸಿನಲ್ಲಿ ನಾಲ್ಕೈದು ಬಾರಿ ಹಾರಿಸಿ. ಗುಂಡಿಲ್ಲದಾಗಲೂ ಒದೆತ ಹೆಚ್ಚುಕಡಿಮೆ ಹಾಗೆಯೇ ಇದ್ದರೆ ದೋಷ ಸುತ್ತಿಗೆಯ ಓಡಾಟದಲ್ಲಿದೆ. ಆಮೇಲೆ ಗೆಳೆಯನೊಬ್ಬನಿಗೆ ಪಕ್ಕದಿಂದ ಮೊಬೈಲ್‌ನಲ್ಲಿ ನಿಧಾನಗತಿಯ ವಿಡಿಯೊ ತೆಗೆಯಲು ಹೇಳಿ. ಬ್ಯಾರೆಲ್‌ನ ತುದಿ ಮೊದಲು ಮುಂದಕ್ಕೆ ಮುಗ್ಗರಿಸುತ್ತದೆಯೋ ಅಥವಾ ನೇರವಾಗಿ ಹಿಂದಕ್ಕೆ ಜಿಗಿಯುತ್ತದೆಯೋ ನೋಡಿ. ಮುಗ್ಗರಿಸಿದರೆ ಮೊದಲ ಏಟು ದೊಡ್ಡದು, ಜಿಗಿದರೆ ಎರಡನೆಯದು.

ಕೈ ಹಾಕುವ ಮುನ್ನ

ಮುಖವಾಡ ತೆಗೆಯುವಂತಿಲ್ಲ. ಮೇಜಿನ ಮುಂದೆ ಕುಳಿತು ಪರೀಕ್ಷೆ ಮಾಡುವಾಗಲೂ, ಪಕ್ಕದಲ್ಲಿ ನಿಂತು ನೋಡುವವರಿಗೂ ಇದೇ ನಿಯಮ. 300 ಅಡಿ ವೇಗದ ಗುಂಡಿನಲ್ಲಿ ಸುಮಾರು 12 ಜೂಲ್ ಶಕ್ತಿ ಇರುತ್ತದೆ. ಕಣ್ಣಿಗೆ ಬಿದ್ದರೆ ಕಣ್ಣು ಹೋಯಿತು ಎಂದೇ ತಿಳಿಯಿರಿ.

ಬಿಚ್ಚುವ ಮೊದಲು ಗ್ಯಾಸ್ ಬಾಟಲಿ ಕಳಚಿ, ಒಳಗೆ ಉಳಿದ ಗ್ಯಾಸನ್ನು ಸುರಕ್ಷಿತ ದಿಕ್ಕಿಗೆ ಹಾರಿಸಿ ಖಾಲಿ ಮಾಡಿ. ಬಾಟಲಿ ತಿರುಗಿಸುವಾಗ ಒಂದು ಸಂಗತಿಯ ಮೇಲೆ ಕಣ್ಣಿರಲಿ. ತಿರುಗಬೇಕಾದದ್ದು ಬಾಟಲಿ ಮತ್ತು ಅದರ ಹಿತ್ತಾಳೆಯ ವಾಲ್ವ್ ಎರಡೂ ಒಟ್ಟಿಗೆ. ವಾಲ್ವ್ ಮಾರ್ಕರ್‌ನಲ್ಲೇ ಉಳಿದು ಬಾಟಲಿ ಮಾತ್ರ ಸಡಿಲವಾಗುತ್ತಿದ್ದರೆ ಅದು ರಾಕೆಟ್‌ನಂತೆ ಹಾರುತ್ತದೆ. ಅಮೆರಿಕದಲ್ಲಿ ಹೀಗೆ ಜನ ಸತ್ತಿದ್ದಾರೆ. ವಾಲ್ವ್ ಮತ್ತು ಬಾಟಲಿಯ ಕತ್ತು ಎರಡರ ಮೇಲೂ ಹಾದುಹೋಗುವಂತೆ ಉಗುರುಬಣ್ಣದಿಂದ ಒಂದು ಗೆರೆ ಎಳೆದಿಡಿ. ಗೆರೆ ಎರಡು ತುಂಡಾಗಿ ಸರಿದದ್ದು ಕಂಡರೆ ಕೈ ತೆಗೆಯಿರಿ. ಬಾಟಲಿಯನ್ನು ಮತ್ತೆ ಮುಟ್ಟದೆ ಹಾಗೆಯೇ ಬಿಟ್ಟು, ಸಿಲಿಂಡರ್ ಕೆಲಸ ಬಲ್ಲವರನ್ನು ಕರೆಯಿರಿ. ಇಡೀ ಬರಹದಲ್ಲಿ ಒಂದೇ ಮಾತು ನೆನಪಿಡುವುದಾದರೆ ಇದನ್ನು ಇಟ್ಟುಕೊಳ್ಳಿ.

ಇನ್ನೊಂದು ಬೇಕಾದದ್ದು ವೇಗ ಅಳೆಯುವ ಕ್ರೋನೋಗ್ರಾಫ್. ಅದಿಲ್ಲದೆ ಒದೆತ ಕಡಿಮೆ ಮಾಡಲು ಹೋಗುವುದು ಕಣ್ಣು ಕಟ್ಟಿಕೊಂಡು ಸ್ಕ್ರೂ ತಿರುಗಿಸಿದ ಹಾಗೆ. ಆಟದಲ್ಲಿ ಒಪ್ಪಿತವಾದ ಮೇಲ್ಮಿತಿ ಸೆಕೆಂಡಿಗೆ 300 ಅಡಿ. ಅನೇಕ ಮೈದಾನಗಳು 280ಕ್ಕೆ ನಿಲ್ಲಿಸುತ್ತವೆ, ನಮ್ಮದೂ ಹಾಗೆಯೇ.

ಲಕ್ಷಣ: ಬೆಳಗ್ಗೆ ಮೆತ್ತಗೆ, ಮಧ್ಯಾಹ್ನ ಗುದ್ದು

ಇದು ನಮ್ಮ ಬಯಲುಸೀಮೆಯ ವಿಶೇಷ ದೂರು. ಕಾರಣ ಗ್ಯಾಸ್. ಇಂಗಾಲದ ಡೈಆಕ್ಸೈಡ್ ಬಾಟಲಿಯಲ್ಲಿ ದ್ರವವಾಗಿರುತ್ತದೆ, ಅದರ ಒತ್ತಡವನ್ನು ನಿರ್ಧರಿಸುವುದು ಹವೆಯ ಬಿಸಿ. 20 ಡಿಗ್ರಿಯಲ್ಲಿ ಸುಮಾರು 830 ಪಿಎಸ್‌ಐ (ಚದರ ಇಂಚಿಗೆ ಪೌಂಡ್) ಇದ್ದದ್ದು 30 ಡಿಗ್ರಿಗೆ ಏರಿದರೆ 1,040ರ ಆಚೆಗೆ ಹೋಗುತ್ತದೆ. 31 ಡಿಗ್ರಿ ದಾಟಿದ ಮೇಲೆ ಒಳಗೆ ದ್ರವ ಬೇರೆ, ಅನಿಲ ಬೇರೆ ಎಂಬ ಭೇದವೇ ಉಳಿಯುವುದಿಲ್ಲ. ಅಲ್ಲಿಂದ ಮುಂದೆ ಬಾಟಲಿ ಎಷ್ಟು ತುಂಬಿದೆ ಎಂಬುದರ ಮೇಲೆ ಒತ್ತಡ ಸರಸರನೆ ಏರುತ್ತದೆ. ದಾವಣಗೆರೆ, ಚಿತ್ರದುರ್ಗಗಳಲ್ಲಿ ಏಪ್ರಿಲ್ ಮಧ್ಯಾಹ್ನ ನೆರಳಿನಲ್ಲೇ 38 ಡಿಗ್ರಿ ಇರುವುದು ಅಪರೂಪವಲ್ಲ. ಬೈಕಿನ ಸೀಟಿನ ಮೇಲೆ ಬಿಸಿಲಿಗೆ ಬಿಟ್ಟ ಬಾಟಲಿಯ ಗತಿ ಏನೆಂದು ನೀವೇ ಯೋಚಿಸಿ. ಆ ಹುಡುಗ ತನ್ನದನ್ನು ಅಲ್ಲೇ ಇಟ್ಟಿದ್ದ.

ಮೊದಲ ಪರೀಕ್ಷೆ ಸುಲಭ. ಬಾಟಲಿಯನ್ನು ಒದ್ದೆ ಗೋಣಿಚೀಲ ಸುತ್ತಿ ಅರ್ಧ ಗಂಟೆ ನೆರಳಿನಲ್ಲಿಟ್ಟು ಮತ್ತೆ ಹಾರಿಸಿ. ಒದೆತ ಇಳಿದರೆ, ಕ್ರೋನೋಗ್ರಾಫ್‌ನ ಅಂಕಿಯೂ ಇಳಿದರೆ, ಮಾರ್ಕರ್‌ನ ತಪ್ಪೇನೂ ಇಲ್ಲ. ಬೆಳಗ್ಗೆ ಎಂಟಕ್ಕೆ 280ಕ್ಕೆ ಹೊಂದಿಸಿದ ಮಾರ್ಕರನ್ನು ಮಧ್ಯಾಹ್ನ ಮತ್ತೆ ಅಳೆಯದೆ ಆಟಕ್ಕೆ ಇಳಿಸಬಾರದು ಎಂಬುದು ಇದರಿಂದಲೇ.

ಬ್ಯಾರೆಲ್‌ನ ಬಾಯಿಂದ ಬಿಳಿ ಮಂಜಿನ ಹೊಗೆ ಬರುತ್ತಾ ಒಂದೊಂದು ಏಟು ವಿಪರೀತ ಜೋರಾಗಿದ್ದರೆ, ದ್ರವರೂಪದ ಗ್ಯಾಸ್ ವಾಲ್ವ್‌ನೊಳಗೆ ನುಗ್ಗುತ್ತಿದೆ ಎಂದರ್ಥ. ಬಾಟಲಿ ಮಾರ್ಕರ್‌ಗಿಂತ ಮೇಲಾಗುವಂತೆ, ಅಂದರೆ ಬ್ಯಾರೆಲ್ ನೆಲ ನೋಡುವಂತೆ ಹಿಡಿದು ಹಾರಿಸುವವರಿಗೆ ಇದು ಹೆಚ್ಚು. ಹಿಡಿಯುವ ಭಂಗಿ ಬದಲಿಸಿ. ಅದರಿಂದಲೂ ಆಗದಿದ್ದರೆ ದ್ರವ ಆವಿಯಾಗಲು ಜಾಗ ಕೊಡುವ ಎಕ್ಸ್‌ಪಾನ್ಶನ್ ಚೇಂಬರ್ ಹಾಕಿಸಿ. ಅದಕ್ಕಿಂತ ಒಳ್ಳೆಯದು ಒತ್ತಡದ ಗಾಳಿಯ ಬಾಟಲಿ. ಅದರೊಳಗೆ 3,000 ಅಥವಾ 4,500 ಪಿಎಸ್‌ಐ ತುಂಬಿದ್ದರೂ ಅದರ ರೆಗ್ಯುಲೇಟರ್ ಹೊರಗೆ ಕೊಡುವುದು ಸಾಮಾನ್ಯವಾಗಿ 800ರ ಆಸುಪಾಸಿನ ಸಮ ಒತ್ತಡ. ಬಿಸಿಲಿಗೂ ಚಳಿಗೂ ಅದು ಅಷ್ಟಾಗಿ ಜಗ್ಗುವುದಿಲ್ಲ. ತೊಂದರೆ ಏನೆಂದರೆ, ಅದನ್ನು ತುಂಬಲು ಬೇಕಾದ ಕಂಪ್ರೆಸರ್ ನಮ್ಮಂಥ ಊರುಗಳಲ್ಲಿ ಸುಲಭವಾಗಿ ಸಿಗುವುದಿಲ್ಲ. ಸೋಡಾ ತಯಾರಿಸುವವರು ಬಳಸುವುದೂ ಇಂಗಾಲದ ಡೈಆಕ್ಸೈಡೇ ಆದ್ದರಿಂದ ಹುಡುಗರು ಅದರ ಮೊರೆ ಹೋಗುತ್ತಾರೆ.

ಯಾರೇ ತುಂಬಲಿ, ತಕ್ಕಡಿಯ ಮೇಲಿಟ್ಟು ತೂಕ ನೋಡಿಯೇ ತುಂಬಬೇಕು. ಬಾಟಲಿಯ ಮೇಲೆ ಬರೆದ ತೂಕಕ್ಕಿಂತ ಒಂದು ಗ್ರಾಂ ಕೂಡ ಹೆಚ್ಚು ಬೇಡ, ಬೇಸಿಗೆಯಲ್ಲಿ ಸ್ವಲ್ಪ ಕಡಿಮೆಯೇ ಇರಲಿ. ಬಾಟಲಿಯ ಮೇಲೆ ಒತ್ತಿದ ಪರೀಕ್ಷಾ ದಿನಾಂಕಕ್ಕೆ 5 ವರ್ಷ ಕಳೆದಿದ್ದರೆ ಮತ್ತೆ ಒತ್ತಡ ಪರೀಕ್ಷೆ ಮಾಡಿಸದೆ ತುಂಬಿಸಬೇಡಿ. ಗಾಳಿಯ ಬಾಟಲಿಗೆ ವೆಲ್ಡಿಂಗ್ ಅಂಗಡಿಯ ಆಮ್ಲಜನಕ ತುಂಬುವ ಯೋಚನೆಯೂ ಬೇಡ, ತುಂಬುವ ಮೂತಿಗೆ ಎಣ್ಣೆ ಬಿಡುವುದೂ ಬೇಡ. ಎಣ್ಣೆ ಮತ್ತು ಒತ್ತಡದ ಆಮ್ಲಜನಕ ಸೇರಿದರೆ ಬೆಂಕಿ ಹೊತ್ತಿಸಲು ಬೇರೆ ಯಾರೂ ಬೇಕಿಲ್ಲ.

ಲಕ್ಷಣ: ಏಟಿನ ಜೊತೆ ಕಟಕಟ ಶಬ್ದ, ಕೈಯಲ್ಲಿ ಅಲುಗಾಟ

ಇದಕ್ಕೆ ಅಲೆನ್ ಕೀ ಸಾಕು. ಹಿಡಿಕೆ, ಸ್ಟಾಕ್, ಬಾಟಲಿ ಕೂರುವ ತೊಟ್ಟಿಲು ಇವುಗಳ ಸ್ಕ್ರೂ ಸಡಿಲವಾಗಿದ್ದರೆ ಒಂದು ಏಟು ಎರಡಾಗಿ ಕೈಗೆ ತಟ್ಟುತ್ತದೆ. ಮಾರ್ಪಡಿಸಿದ ಮಾರ್ಕರುಗಳಲ್ಲಿ ಸ್ಟಾಕ್‌ನ ಕೂಡುಗಂಟೇ ಮೊದಲ ಅಪರಾಧಿ.

ಒಂದು ಎಚ್ಚರಿಕೆ. ಅಮೆರಿಕದ ಮಾರ್ಕರುಗಳ ಸ್ಕ್ರೂಗಳು ಇಂಚಿನ ಅಳತೆಯವು. ನಮ್ಮ ಹಾರ್ಡ್‌ವೇರ್ ಅಂಗಡಿಗಳಲ್ಲಿ ಕೇಳಿದ ಕೂಡಲೇ ಕೊಡುವುದು ಮಿಲಿಮೀಟರಿನ ಸೆಟ್. ಎಂಟನೇ ಒಂದು ಇಂಚಿನ ರಂಧ್ರ 3.17 ಮಿಲಿಮೀಟರ್ ಇರುತ್ತದೆ. ಅದಕ್ಕೆ 3 ಮಿಲಿಮೀಟರಿನ ಕೀ ಹಾಕಿ ಬಲ ಕೊಟ್ಟರೆ ಸ್ಕ್ರೂವಿನ ತಲೆ ಸವೆದು ದುಂಡಗಾಗುತ್ತದೆ, ಆಮೇಲೆ ಅದನ್ನು ಕೊರೆದು ತೆಗೆಯಬೇಕು. ಇಂಚಿನ ಸೆಟ್ ಒಂದನ್ನು ಕೊಂಡುಬಿಡಿ.

ಲಕ್ಷಣ: ಒದೆಯುವಾಗ 'ಟಣ್' ಎಂಬ ಲೋಹದ ಸದ್ದು

ಆರೋಗ್ಯವಾಗಿರುವ ಬ್ಲೋಬ್ಯಾಕ್ 'ದಬ್' ಎನ್ನುತ್ತದೆ. 'ಟಣ್' ಎಂದರೆ ಉಕ್ಕು ನೇರವಾಗಿ ಉಕ್ಕಿಗೋ ಅಲ್ಯೂಮಿನಿಯಂಗೋ ತಾಗುತ್ತಿದೆ. ನಡುವೆ ಇರಬೇಕಾದ ರಬ್ಬರ್ ಹಿಂದಿನ ಮುಚ್ಚಳದ ಬಳಿಯೋ, ಸುತ್ತಿಗೆ ವಾಲ್ವ್‌ಗೆ ತಾಗುವಲ್ಲೋ ಸವೆದಿದೆ ಅಥವಾ ಇಲ್ಲವೇ ಇಲ್ಲ. ಯಾರೋ ಒಮ್ಮೆ ಬಿಚ್ಚಿ ಜೋಡಿಸಿದ ಮಾರ್ಕರುಗಳಲ್ಲಿ ಅದು ಇಲ್ಲದಿರುವುದೇ ಹೆಚ್ಚು. ಬಿಚ್ಚುವಾಗ ಜಾರಿ ಬಿದ್ದದ್ದು ಯಾರ ಕಣ್ಣಿಗೂ ಬಿದ್ದಿರುವುದಿಲ್ಲ. ಹುಡುಗನ ಮಾರ್ಕರ್‌ನ ಹಿಂದಿನ ಮುಚ್ಚಳ ಬಿಚ್ಚಿದಾಗ ಒಳಗೆ ರಬ್ಬರ್ ಇರಲಿಲ್ಲ, ಅದು ಕುಳಿತಿದ್ದ ಗುರುತು ಮಾತ್ರ ಇತ್ತು.

ಬಿಡಿಭಾಗಗಳ ಪಟ್ಟಿಯಲ್ಲಿ ಹೇಳಿದ ಅಳತೆಯ ಯುರೇಥೇನ್ ರಿಂಗ್ ಹಾಕಿ. ಸೈಕಲ್ ಟ್ಯೂಬ್ ಕತ್ತರಿಸಿ ಇಡುವುದು ನಮ್ಮ ಊರಿನ ಜಾಣತನ, ನಾನೂ ಮಾಡಿದ್ದೇನೆ. ಎರಡು ವಾರದಲ್ಲಿ ಅದು ಹುಡಿಹುಡಿಯಾಗಿ ವಾಲ್ವ್‌ನ ಸೀಟಿನ ಮೇಲೆ ಕುಳಿತು ಗ್ಯಾಸ್ ಸೋರತೊಡಗಿತು. ದಪ್ಪ ಇದ್ದಷ್ಟೂ ಮೆತ್ತಗೆ ಎಂದು ಎರಡೆರಡು ರಿಂಗ್ ಪೇರಿಸುವುದೂ ತಪ್ಪು. ಸುತ್ತಿಗೆ ಹಿಂದಕ್ಕೆ ಹೋಗುವ ದೂರ ಕಡಿಮೆಯಾಗಿ ಅದು ಸಿಯರ್‌ಗೆ ಸಿಗದೇ ಹೋಗಬಹುದು. ರಿಂಗ್ ಹಾಕಿದ ಮೇಲೆ ಗ್ಯಾಸಿಲ್ಲದೆ ಕೈಯಿಂದ ಸುತ್ತಿಗೆಯನ್ನು ಹಿಂದಕ್ಕೆ ಎಳೆದು ನೋಡಿ. 'ಟಕ್' ಎಂದು ಸಿಯರ್‌ಗೆ ಸಿಕ್ಕ ಮೇಲೂ ಒಂದೆರಡು ಮಿಲಿಮೀಟರ್ ಹಿಂದೆ ಸರಿಯಲು ಜಾಗ ಉಳಿದಿರಬೇಕು.

ಲಕ್ಷಣ: ವೇಗ ಸರಿಯಾಗಿದೆ, ಒದೆತ ಮಾತ್ರ ಕಡಿಮೆಯಾಗುತ್ತಿಲ್ಲ

ಬದಲಾಯಿಸಿದ ಮಾರ್ಕರುಗಳ ನಿಜವಾದ ರೋಗ ಇಲ್ಲಿದೆ. ಹುಡುಗನದು 278 ತೋರಿಸುತ್ತಿತ್ತು, ಆಕ್ಷೇಪಿಸಲು ಏನೂ ಇರಲಿಲ್ಲ. ಆದರೂ ಒದೆಯುತ್ತಿತ್ತು.

ಅವನ ಗೆಳೆಯ ಮಾಡಿದ್ದು ಹೀಗೆ. ಗಟ್ಟಿ ಸ್ಪ್ರಿಂಗ್ ಹಾಕಿದ. ಸುತ್ತಿಗೆ ವಾಲ್ವ್‌ಗೆ ಜೋರಾಗಿ ಬಡಿದು ಅದು ಹೆಚ್ಚು ಹೊತ್ತು ತೆರೆದಿತ್ತು, ವೇಗ 330 ದಾಟಿತು. ಮೈದಾನದಲ್ಲಿ ತಕರಾರು ಬಂತು. ಆಗ ಅವನು ಸ್ಪ್ರಿಂಗ್ ಬದಲಿಸುವ ಬದಲು ಪಕ್ಕದ ವೇಗದ ಸ್ಕ್ರೂವನ್ನು ಒಳಕ್ಕೆ ತಿರುಗಿಸಿ 280ಕ್ಕೆ ತಂದ. ಆ ಸ್ಕ್ರೂ ಮಾಡುವುದೇನು? ಗುಂಡಿನ ಕಡೆಗೆ ಗ್ಯಾಸ್ ಹೋಗುವ ದಾರಿಯನ್ನು ಕಿರಿದುಗೊಳಿಸುತ್ತದೆ. ಮುಂದಿನ ಬಾಗಿಲು ಅರ್ಧ ಮುಚ್ಚಿದರೆ ಜನ ಹಿಂದಿನ ಬಾಗಿಲಿಗೆ ನುಗ್ಗುತ್ತಾರೆ. ಗುಂಡಿಗೆ ಸಿಗದ ಗ್ಯಾಸ್ ಸುತ್ತಿಗೆಯ ಬೆನ್ನು ಹತ್ತಿ ಅದನ್ನು ಹಿಂದಕ್ಕೆ ಬೀಸಿ ಒಗೆಯುತ್ತದೆ. ವೇಗ ಹದವಾಗಿ ಕಾಣುತ್ತದೆ, ಭುಜ ನೀಲಿಗಟ್ಟುತ್ತದೆ, ಬಾಟಲಿ ಬೇಗ ಖಾಲಿಯಾಗುತ್ತದೆ. ಒಂದು ಬಾಟಲಿಗೆ ಎಷ್ಟು ಗುಂಡು ಹಾರುತ್ತವೆಂದು ಎಣಿಸಿ ಬರೆದಿಡುವವರಿಗೆ ಈ ದೋಷ ಭುಜಕ್ಕಿಂತ ಮೊದಲೇ ತಿಳಿಯುತ್ತದೆ.

ಪರಿಹಾರ ಅವನು ಹೋದ ದಾರಿಯನ್ನು ಹಿಂದಕ್ಕೆ ನಡೆಯುವುದು. ಮೂಲ ಸ್ಪ್ರಿಂಗ್ ಅಥವಾ ಅದಕ್ಕಿಂತ ಒಂದು ಹಂತ ಮೆತ್ತಗಿನದನ್ನು ಹಾಕಿ. ವೇಗ 240ಕ್ಕೋ 250ಕ್ಕೋ ಇಳಿಯುತ್ತದೆ. ಈಗ ಸ್ಕ್ರೂವನ್ನು ಕಾಲು ಸುತ್ತಿನಂತೆ ಹೊರಕ್ಕೆ ತಿರುಗಿಸುತ್ತಾ, ಪ್ರತಿ ಸಲವೂ ಐದೈದು ಗುಂಡು ಹಾರಿಸಿ ಅಂಕಿಗಳನ್ನು ಬರೆದುಕೊಳ್ಳಿ. 270ರ ಸುತ್ತ ನಿಂತಾಗ ಬಿಡಿ. ವೇಗ ಮೊದಲಿನಷ್ಟೇ ಇರುತ್ತದೆ, ಸುತ್ತಿಗೆಯ ಪಾಲಿನ ಗ್ಯಾಸ್ ಕಡಿಮೆಯಾಗಿರುತ್ತದೆ.

ಸ್ಕ್ರೂ ತಿರುಗಿಸುವ ದಿಕ್ಕಿನಲ್ಲಿ ಮೋಸ ಹೋಗಬೇಡಿ. ಟಿಪ್‌ಮನ್ 98ರಲ್ಲಿ ಸ್ಕ್ರೂ ಗ್ಯಾಸಿನ ದಾರಿಯಲ್ಲಿರುವುದರಿಂದ ಬಲಕ್ಕೆ ತಿರುಗಿಸಿದರೆ ವೇಗ ಇಳಿಯುತ್ತದೆ. ಸ್ಪೈಡರ್ ಮಾದರಿಯಲ್ಲಿ ಹಿಂಭಾಗದ ಸ್ಕ್ರೂ ಸ್ಪ್ರಿಂಗನ್ನೇ ಒತ್ತುವುದರಿಂದ ಬಲಕ್ಕೆ ತಿರುಗಿಸಿದರೆ ವೇಗ ಏರುತ್ತದೆ. ಒಂದರ ಅಭ್ಯಾಸದಲ್ಲಿ ಇನ್ನೊಂದನ್ನು ತಿರುಗಿಸಿ 340 ಕಂಡವರನ್ನು ನಾನು ನೋಡಿದ್ದೇನೆ.

ಗಟ್ಟಿ ಸ್ಪ್ರಿಂಗನ್ನು ಎರಡು ಸುತ್ತು ಕತ್ತರಿಸಿದರೆ ಮೆತ್ತಗಾಗುತ್ತದೆ ಎಂಬ ನಂಬಿಕೆಯೊಂದಿದೆ. ಸುತ್ತು ಕಡಿಮೆಯಾದಷ್ಟೂ ಸ್ಪ್ರಿಂಗ್‌ನ ಬಿಗಿತ ಹೆಚ್ಚುತ್ತದೆ. ಅರ್ಧಕ್ಕೆ ಕತ್ತರಿಸಿದರೆ ಇಮ್ಮಡಿಯಾಗುತ್ತದೆ. ಕುಳಿತಲ್ಲಿ ಸಡಿಲ, ಒತ್ತಿದಾಗ ಇನ್ನೂ ಗಟ್ಟಿ ಎಂಬ ವಿಚಿತ್ರ ಪ್ರಾಣಿಯೊಂದು ತಯಾರಾಗುತ್ತದೆ. ಸ್ಪ್ರಿಂಗ್‌ಗೆ ಬಳಿದ ಬಣ್ಣವನ್ನೂ ನಂಬಬೇಡಿ. ಒಬ್ಬ ತಯಾರಕನ ಕೆಂಪು ಇನ್ನೊಬ್ಬನಲ್ಲಿ ಹಳದಿಯಾಗಿರಬಹುದು.

ಲಕ್ಷಣ: ಒಮ್ಮೆ ಎಳೆದರೆ ಪಟಪಟನೆ ಹಲವು ಸಲ ಬಡಿಯುತ್ತದೆ

ಭಟ್ಟಿಯಲ್ಲಿ ಮಂಡಕ್ಕಿ ಅರಳಿದ ಹಾಗೆ ಸದ್ದು ಬಂದರೆ ಬೆರಳು ತೆಗೆಯಿರಿ, ಬ್ಯಾರೆಲ್ಲನ್ನು ನೆಲಕ್ಕೆ ತೋರಿಸಿ, ಬಾಟಲಿ ಕಳಚಿ. ಹುಡುಗರು ಇದನ್ನು ಕಂಡು ಹಿಗ್ಗುತ್ತಾರೆ, ಮಷಿನ್‌ಗನ್ ಆಯಿತು ಎನ್ನುತ್ತಾರೆ. ಆದದ್ದು ಏನೆಂದರೆ, ಸುತ್ತಿಗೆ ಹಿಂದೆ ಬಂದರೂ ಸಿಯರ್ ಹಿಡಿಯುತ್ತಿಲ್ಲ.

ಒದೆತ ಕಡಿಮೆ ಮಾಡುವ ಹಟದಲ್ಲಿ ಅತಿಯಾಗಿ ಹೋದವರಿಗೆ ಇದು ಬರುತ್ತದೆ. ಗ್ಯಾಸ್ ಮುಗಿಯುತ್ತಾ ಬಂದಿದೆಯೇ ಎಂದು ಮೊದಲು ನೋಡಿ; ತುಂಬಿದ ಬಾಟಲಿಯಲ್ಲಿ ಸರಿಹೋದರೆ ಅಷ್ಟೇ. ಇಲ್ಲವಾದರೆ ರೆಗ್ಯುಲೇಟರ್‌ನ ಒತ್ತಡ ತೀರಾ ಕಡಿಮೆ ಇಟ್ಟಿದ್ದೀರಾ, ಹಿಂದಿನ ರಬ್ಬರ್ ದಪ್ಪವಾಯಿತೇ, ಸುತ್ತಿಗೆಯ ಓ-ರಿಂಗ್, ಅಂದರೆ ಗ್ಯಾಸ್ ಸೋರದಂತೆ ತಡೆಯುವ ರಬ್ಬರ್ ಬಳೆ, ಒಣಗಿ ಗ್ಯಾಸ್ ಪಕ್ಕಕ್ಕೆ ನುಸುಳುತ್ತಿದೆಯೇ ಎಂದು ಈ ಕ್ರಮದಲ್ಲಿ ಪರೀಕ್ಷಿಸಿ. ಇವೆಲ್ಲ ಸರಿಯಿದ್ದರೆ ಉಳಿಯುವುದು ಸಿಯರ್‌ನ ಮೊನೆ. ಟ್ರಿಗರ್ ಹಗುರಾಗಲಿ ಎಂದು ಅದನ್ನು ಅರ ಹಾಕಿ ಉಜ್ಜಿದವರ ಸಂಖ್ಯೆ ಕಡಿಮೆ ಇಲ್ಲ. ಆ ಮೊನೆಯ ಮೇಲಿನ ಗಟ್ಟಿಗೊಳಿಸಿದ ಪದರ ಒಮ್ಮೆ ಹೋದರೆ ಒಳಗಿನ ಮೆತ್ತನೆಯ ಉಕ್ಕು ದಿನದಿನಕ್ಕೆ ಸವೆಯುತ್ತದೆ. ಅದನ್ನು ಸರಿಮಾಡಲು ಹೋಗಬೇಡಿ, ಹೊಸದನ್ನು ತರಿಸಿ. ಅಲ್ಲಿಯವರೆಗೆ ಆ ಮಾರ್ಕರ್ ಮೈದಾನಕ್ಕೆ ಇಳಿಯಬಾರದು.

ಲಕ್ಷಣ: ಒಂದೊಂದು ಗುಂಡಿಗೆ ಒಂದೊಂದು ಬಗೆಯ ಒದೆತ

ಕ್ರೋನೋಗ್ರಾಫ್‌ನಲ್ಲಿ 262, 291, 270, 255 ಎಂದು ಅಂಕಿಗಳು ಕುಣಿಯುತ್ತಿದ್ದರೆ ಸ್ಪ್ರಿಂಗ್ ಮುಟ್ಟಬೇಡಿ. ಕೊಳೆ, ಒಣ ರಬ್ಬರ್, ಕೆಟ್ಟ ಗುಂಡು, ಈ ಮೂರರಲ್ಲಿ ಒಂದು ಕಾರಣ.

ಗುಂಡಿನ ಸಿಪ್ಪೆ ಜೆಲಟಿನ್. ಬಿಸಿಲಿಗೆ ಮೆತ್ತಗಾಗುತ್ತದೆ, ತೇವಕ್ಕೆ ಊದಿಕೊಳ್ಳುತ್ತದೆ. ಬ್ಯಾರೆಲ್ಲನ್ನು ಮಾರ್ಕರ್‌ನಿಂದ ಪೂರ್ತಿ ಬಿಚ್ಚಿ ಕೈಗೆ ತೆಗೆದುಕೊಂಡು ಗುಂಡನ್ನು ಒಳಗಿಡಿ. ತಾನಾಗಿ ಉರುಳಿ ಹೋದರೆ ಸಣ್ಣದು. ಬಾಯಿಂದ ಉಫ್ ಎಂದರೂ ಜರುಗದಿದ್ದರೆ ದೊಡ್ಡದು. ನಿಂತು, ಊದಿದರೆ ಹೋಗಬೇಕು. ಬಿಗಿಯಾದ ಗುಂಡು ಹೊರಡಲು ತಡಮಾಡುವಷ್ಟು ಹೊತ್ತು ಗ್ಯಾಸ್ ಹಿಂದೆ ಒತ್ತುತ್ತದೆ.

ನಮ್ಮ ಕಡೆಯ ಗಾಳಿಯ ಧೂಳನ್ನು ಮರೆಯುವಂತಿಲ್ಲ. ಆಷಾಢದಲ್ಲಿ ಚಿತ್ರದುರ್ಗದ ಗುಡ್ಡಗಳ ಮೇಲಿನ ಗಾಳಿಯಂತ್ರಗಳನ್ನು ತಿರುಗಿಸುವ ಅದೇ ಗಾಳಿ ಮಾರ್ಕರ್‌ನ ಕೊಳವೆಯೊಳಗೆ ನುಣ್ಣನೆಯ ಮಣ್ಣನ್ನು ತುಂಬುತ್ತದೆ. ಒಡೆದ ಗುಂಡಿನ ಅಂಟು ಅದಕ್ಕೆ ಸೇರಿದರೆ ಸುತ್ತಿಗೆ ಒಮ್ಮೆ ಜಾರುತ್ತದೆ, ಒಮ್ಮೆ ತಡೆಯುತ್ತದೆ. ಬಟ್ಟೆಯಿಂದ ಒರೆಸಿ, ಮಾರ್ಕರ್‌ಗೆಂದೇ ಮಾರುವ ಎಣ್ಣೆಯನ್ನು ಓ-ರಿಂಗ್‌ಗಳಿಗೆ ಒಂದೆರಡು ಹನಿ ಸವರಿ. ತುಕ್ಕು ಬಿಡಿಸುವ ಸ್ಪ್ರೇ ಬೇಡ, ಅದು ರಬ್ಬರನ್ನು ಹಾಳು ಮಾಡುತ್ತದೆ. ಸೋರಿಕೆಯ ಅನುಮಾನವಿದ್ದರೆ ಬಾಟಲಿ ಕೂಡುವಲ್ಲಿ ಮತ್ತು ಕೊಳವೆಯ ಗಂಟುಗಳಲ್ಲಿ ಸೋಪಿನ ನೀರು ಹಚ್ಚಿ ಗುಳ್ಳೆ ಏಳುತ್ತದೆಯೇ ನೋಡಿ. ಗ್ಯಾಸ್ ಬ್ಯಾರೆಲ್‌ನಿಂದ ನಿಲ್ಲದೆ ಸುಸ್ ಎನ್ನುತ್ತಿದ್ದರೆ ವಾಲ್ವ್‌ನ ಸೀಲ್ ಹೋಗಿದೆ.

ಲಕ್ಷಣ: ಎಲ್ಲ ಸರಿಮಾಡಿದರೂ ಬ್ಯಾರೆಲ್‌ನ ತುದಿ ಮುಗ್ಗರಿಸುತ್ತದೆ

ಈಗ ಸುತ್ತಿಗೆಯ ತೂಕದ ಮಾತು ಬರುತ್ತದೆ. ಪಿ.ಬಿ. ರಸ್ತೆಯ ಪಕ್ಕದ ಯಾವ ಲೇತ್ ಅಂಗಡಿಯವನಾದರೂ ಅದನ್ನು ಅರ್ಧ ಗಂಟೆಯಲ್ಲಿ ಕೆತ್ತಿ ಕೊಡುತ್ತಾನೆ. ಕೊಡುವ ಮುನ್ನ ಲಾಭ ಎಷ್ಟೆಂದು ಲೆಕ್ಕ ಹಾಕಿ. ಸ್ಪ್ರಿಂಗ್ ಕೊಡುವ ಶಕ್ತಿ ಅಷ್ಟೇ ಇರುವುದರಿಂದ ಹಗುರವಾದ ಸುತ್ತಿಗೆ ಇನ್ನೂ ಜೋರಾಗಿ ಓಡುತ್ತದೆ. ಏಟು ತೂಕದ ವರ್ಗಮೂಲದ ಲೆಕ್ಕದಲ್ಲಿ ಮಾತ್ರ ಇಳಿಯುತ್ತದೆ. 100 ಗ್ರಾಮಿನ ಸುತ್ತಿಗೆಯನ್ನು 70ಕ್ಕೆ ಇಳಿಸಿದರೂ ಏಟು ಕಡಿಮೆಯಾಗುವುದು ಶೇಕಡಾ 16ರಷ್ಟು. ಜೊತೆಗೆ ವಾಲ್ವ್ ತೆರೆದಿರುವ ಕಾಲವೂ ತಗ್ಗಿ ವೇಗ ಬೀಳುತ್ತದೆ. ಅದನ್ನು ಏರಿಸಲು ಮತ್ತೆ ಗಟ್ಟಿ ಸ್ಪ್ರಿಂಗ್ ಹಾಕಿದರೆ ಹೊರಟಲ್ಲಿಗೇ ಬಂದಿರಿ. ಹಗುರ ಸುತ್ತಿಗೆಗೆ ಅರ್ಥ ಬರುವುದು ಕಡಿಮೆ ಒತ್ತಡದಲ್ಲಿ ಹೆಚ್ಚು ಗ್ಯಾಸ್ ಹರಿಸುವ ವಾಲ್ವ್ ಮತ್ತು ರೆಗ್ಯುಲೇಟರ್ ಜೊತೆಗಿದ್ದಾಗ.

ಆದರೂ ಕೆತ್ತಿಸುವುದಾದರೆ ಸಿಯರ್ ಹಿಡಿಯುವ ಅಂಚು, ಓ-ರಿಂಗ್ ಕೂರುವ ತೋಡು ಮತ್ತು ವಾಲ್ವ್‌ಗೆ ತಾಗುವ ಮುಖ ಈ ಮೂರನ್ನು ಲೇತ್‌ನವನು ಮುಟ್ಟಬಾರದು ಎಂದು ಬಣ್ಣ ಬಳಿದು ತೋರಿಸಿ. ಒಂದೇ ಸಲಕ್ಕೆ 10 ಗ್ರಾಮಿಗಿಂತ ಹೆಚ್ಚು ತೆಗೆಸಬೇಡಿ. ವಾಲ್ವ್‌ನ ಒಡಲು, ಬಾಟಲಿ, ರೆಗ್ಯುಲೇಟರ್ ಇವುಗಳನ್ನು ಕೊರೆಯುವ ಕೆಲಸ ಲೇತ್ ಅಂಗಡಿಯದ್ದೂ ಅಲ್ಲ, ನಿಮ್ಮದೂ ಅಲ್ಲ. ಒತ್ತಡ ಹಿಡಿದಿಡುವ ಯಾವ ಲೋಹದಲ್ಲಾದರೂ ಬಿರುಕು, ಆಳವಾದ ಗೀರು, ಸವೆದ ಎಳೆ ಕಂಡರೆ ಆ ಭಾಗವನ್ನು ಬದಲಿಸುವುದೊಂದೇ ದಾರಿ.

ಸುತ್ತಿಗೆ ಕೆತ್ತಿಸುವುದಕ್ಕಿಂತ ಅಗ್ಗದ ಇನ್ನೊಂದು ಉಪಾಯವನ್ನು ಹುಡುಗರು ಒಪ್ಪುವುದಿಲ್ಲ. ಮಾರ್ಕರ್‌ಗೆ ತೂಕ ಸೇರಿಸುವುದು. ಮುಂದಿನ ಹಿಡಿಕೆಯ ಬಳಿ 200 ಗ್ರಾಂ ಸೇರಿದರೆ ತುದಿಯ ಕುಣಿತ ಕಣ್ಣಿಗೆ ಕಾಣುವಷ್ಟು ಇಳಿಯುತ್ತದೆ. ದಿನವಿಡೀ ಹೊರುವುದು ಭಾರ ಎಂಬುದು ಅವರ ತಕರಾರು, ಅದೂ ಸರಿಯೇ.

ಆ ಹುಡುಗನ ಮಾರ್ಕರ್‌ಗೆ ಹೊಸದಾಗಿ ಬಿದ್ದದ್ದು ಹಿಂದಿನ ರಬ್ಬರ್ ರಿಂಗ್ ಒಂದೇ. ಗೆಳೆಯನ ಮನೆಯ ಡಬ್ಬಿಯಲ್ಲಿ ಬಿದ್ದಿದ್ದ ಮೂಲ ಸ್ಪ್ರಿಂಗ್ ಮರುದಿನ ಬಂತು. ಸ್ಕ್ರೂ ಎರಡೂವರೆ ಸುತ್ತು ಹೊರಗೆ ಬಂದ ಮೇಲೆ ಹತ್ತು ಗುಂಡುಗಳ ವೇಗ 266ರಿಂದ 277ರ ನಡುವೆ ನಿಂತಿತು. ಸದ್ದು 'ಟಣ್' ಹೋಗಿ 'ದಬ್' ಆಯಿತು. "ಅಣ್ಣಾ, ಹಾಗಾದರೆ ಸುತ್ತಿಗೆ ಕೆತ್ತಿಸುವುದು ಬೇಡವೇ?" ಎಂದು ಕೇಳಿದ. ಮೊದಲು ಅದನ್ನು ತೂಕ ಹಾಕಿಸಿಕೊಂಡು ಬಾ ಎಂದು ಹೇಳಿ, ಬಾಟಲಿಗೆ ಸುತ್ತಲು ಒದ್ದೆ ಗೋಣಿಚೀಲವೊಂದನ್ನು ಕೊಟ್ಟು ಕಳುಹಿಸಿದೆ.